ಅಜ್ಜಿ ಸೋಲದ ಟೆನಿಸ್

ಇದು ನನ್ನ ಕಣ್ಣೆದುರೇ ನಡೆದದ್ದು. ನಮ್ಮ ತಾತ ತನ್ನ ವಿಡಿಯೋ ಗೇಮ್ ಅಂಗಡಿಗೆಂದು, ಇಬ್ಬರಿದ್ದರೆ ಮಾತ್ರ ಆಡಬಹುದಾದ ಒಂದು ಟೆನಿಸ್ ಪೆಟ್ಟಿಗೆಯನ್ನು ತಾನೇ ಮಾಡಿದ್ದ. ಅದೆಷ್ಟು ಕೆಟ್ಟದಾಗಿತ್ತೆಂದರೆ ಚೆಂಡು ರಾಕೆಟಿನ ನಡುವೆಯೇ ತೂರಿಹೋಗುತ್ತಿತ್ತು, ಅಂಚಿಗೆ ತಗುಲಿದರೆ ಮಾತ್ರ ತಿರುಗಿ ಬರುತ್ತಿತ್ತು. ತಾತ ಸದಾ ಅಜ್ಜಿಯ ರಾಕೆಟಿನ ಅಂಚಿಗೇ ಚೆಂಡು ಕಳಿಸಿ ತಾನು ಸೋಲುತ್ತಿದ್ದ. ಅಜ್ಜಿ ಮಾತ್ರ ತಾನೇ ಜಾಣೆ ಎಂದು ಬೀಗುತ್ತಿದ್ದಳು.

ತಾತ ತೀರಿಕೊಂಡ ಮೇಲೆ ಮಾವ ಅಂಗಡಿ ಖಾಲಿ ಮಾಡಲು ಹೊರಟರು. ಪೆಟ್ಟಿಗೆ ಗುಜರಿಗೆ ಎಂದಾಯಿತು. ಅಜ್ಜಿ ಬೇಡವೆನ್ನಲಿಲ್ಲ, ಊಟ ಬಿಟ್ಟಳು ಅಷ್ಟೇ. ಅದನ್ನು ಗುಜರಿಗೆ ಸಾಗಿಸುವ ಹಿಂದಿನ ದಿನ ಮಧ್ಯಾಹ್ನ ನನ್ನನ್ನು ಕರೆದಳು.

"ಕೊನೇದಾಗಿ ಒಂದಾಟ ಆಡೋಣ ಬಾರೇ. ತಾತನ ಜಾಗದಲ್ಲಿ ಕೂತ್ಕೊ. ಸೋತ್ರೆ ಅಳಬೇಡ ಮತ್ತೆ."

ಯಾರೋ ಈಗಷ್ಟೇ ಕೈ ತೆಗೆದಂತೆ ತಾತನ ಜಾಯ್‌ಸ್ಟಿಕ್ ಬೆಚ್ಚಗಿತ್ತು. ನಾನು ಮೇಲಕ್ಕೆ ತಳ್ಳಿದರೂ ತೆರೆಯ ಮೇಲಿನ ಆಟಗಾರ ಕೆಳಗಿಳಿದ. ಚೆಂಡು ಟಕ್ ಎಂದು ಅಜ್ಜಿಯ ಅಂಚಿಗೆ ಹೋಯಿತು. ಮತ್ತೆ ಟಕ್, ಮತ್ತೆ ಅಂಚಿಗೇ. ಮೆಲ್ಲಗೆ ಕೈ ತೆಗೆದು ಮಡಿಲಲ್ಲಿಟ್ಟುಕೊಂಡೆ. ಆಟ ನಿಲ್ಲಲಿಲ್ಲ.

ಅಜ್ಜಿ ತೆರೆಯಿಂದ ಕಣ್ಣು ಕೀಳದೆ ನಕ್ಕಳು. "ಇನ್ನೂ ಆಡೋಕೆ ಕಲೀಲೇ ಇಲ್ವಲ್ರೀ ನೀವು."

ಅವಳು 'ರೀ' ಎನ್ನುತ್ತಿದ್ದದ್ದು ತಾತನಿಗೆ ಮಾತ್ರ.

ಮರುದಿನ ಮಾವ ಪೆಟ್ಟಿಗೆಯ ಹಿಂಬದಿ ಬಿಚ್ಚಿದರು. ತಾತನ ಜಾಯ್‌ಸ್ಟಿಕ್ಕಿಗೆ ತಂತಿಯೇ ಇರಲಿಲ್ಲ. ಯಾವಾಗಲೋ ಇಲಿ ಕಡಿದ ತುಂಡುಗಳು ಧೂಳಿನಲ್ಲಿ ಬಿದ್ದಿದ್ದವು. ಮಾವ ಹಲಗೆಯನ್ನು ಮತ್ತೆ ಮುಚ್ಚಿದರು.

ಪೆಟ್ಟಿಗೆ ಈಗ ನಮ್ಮ ನಡುಮನೆಯಲ್ಲಿದೆ. ಊಟವಾದ ಮೇಲೆ ಅಜ್ಜಿ ಒಬ್ಬಳೇ ಕೂತು ಆಡುತ್ತಾಳೆ. ಇನ್ನೂ ಒಂದಾಟವೂ ಸೋತಿಲ್ಲ.