ಮೇಲಿನ ಮನೆಯ ನೀರು

"ನೀರು ಮಾತ್ರ ನಿಲ್ಲಿಸಬೇಡ ಕಣೋ," ಎಂದಳು ಅಕ್ಕ. ಅವಳು ವಕೀಲೆ. "ಕಟ್ಟಡ ಕೊಂಡಾಗ ಮೇಲಿನ ಮನೆಯವರ ಬಾಡಿಗೆ ಕರಾರೂ ನಿನ್ನ ಕೊರಳಿಗೆ ಬಿತ್ತು. ಬಿಡಿಸಬೇಕಂದ್ರೆ ನೋಟೀಸು ಕೊಡು, ಕೋರ್ಟಿಗೆ ಹೋಗು. ನೀರು ಕಿತ್ತು ಓಡಿಸೋದು ಅಪರಾಧ. ಸಾಲದ್ದಕ್ಕೆ ಆ ಹೆಂಗಸಿನ ಬಗ್ಗೆ ಜನ ಏನೇನೋ ಆಡ್ಕೋತಾರೆ."

"ಕೋರ್ಟಿಗೆ ಹೋದ್ರೆ ಬೀಗದಕೈ ನನ್ನ ಮೊಮ್ಮಕ್ಕಳಿಗೆ ಸಿಗುತ್ತೆ!" ಹೊಟ್ಟೆ ಹಿಡಿದು ನಕ್ಕ ತಮ್ಮ. "ಮಾಟಗೀಟ ಅಂತ ಹೆದರ್ತೀಯಲ್ಲ, ಆ ಕರಿ ಕೋಟು ಬಿಚ್ಚಿಟ್ಟು ತಾಯಿತ ಮಾರು, ಹೋಗು."

ಅದು ಅವನು ಕೊಂಡ ಮೊದಲ ಕಟ್ಟಡ. ಬಣ್ಣ ಬಳಿಸಿ, ನೆಲ ಹೊಳೆಯಿಸಿ, ಬಾಡಿಗೆ ಏರಿಸುವ ಆತುರ. ಕೆಳಗಿನ ಮನೆಗಳು ಖಾಲಿಯಾಗಿದ್ದವು. ಮೇಲಿನ ಮನೆಯಲ್ಲಿ ಮಾತ್ರ ಬಟ್ಟೆ ಹೊಲಿಯುವ ಹೆಂಗಸು ಮತ್ತು ಹಾಸಿಗೆ ಹಿಡಿದ ಅವಳ ಗಂಡ. ಬಾಡಿಗೆ ತಪ್ಪಿಸಿದವಳಲ್ಲ, ಬಿಡು ಎಂದರೆ ಬಿಡುವವಳೂ ಅಲ್ಲ. ಅವನು ಮೇಲಿನ ಮನೆಯ ಕೊಳಾಯಿ ಮುಚ್ಚಿ, ವಾಲ್ವಿನ ಹಿಡಿಯನ್ನೇ ಕಿತ್ತು ಜೇಬಿಗಿಳಿಸಿದ.

ಕೆಲವು ದಿನ ಬಿಟ್ಟು ಹೋದಾಗ ಮೆಟ್ಟಿಲ ಬುಡದಲ್ಲೇ ವಾಸನೆ ಮುಖಕ್ಕೆ ರಾಚಿತು. ಹಳಸಿದ ಮೂತ್ರ, ಬೆವರು, ಅದರಡಿಯಲ್ಲಿ ಸಿಹಿಸಿಹಿಯಾದ ಕೊಳೆತ ಮಾಂಸದ ನಾತ. ನೊಣಗಳ ಗುಂಯ್ ಸದ್ದಿನ ನಡುವೆ ಅವಳು ಇಳಿದು ಬಂದಳು. ಕೈಯಲ್ಲಿ ಒದ್ದೆ ಬಟ್ಟೆಯ ಮುದ್ದೆ.

"ನನ್ನ ಗಂಡನ ಬೆನ್ನು ಕೊಳೀತಿದೆ. ಹುಣ್ಣು ತೊಳೆಯೋಕೆ ನೀರಿಲ್ಲ. ನೀರು ಬಿಡಿ."

"ಮನೆ ಬಿಡು, ನೀರು ಬಿಡ್ತೀನಿ," ಎಂದ ಅವನು, ಕರವಸ್ತ್ರದೊಳಗಿಂದ.

"ಇವತ್ತು ಬಿಡದಿದ್ರೆ ನಿಮ್ಮ ಮೈಗೆ ತಾಗೋ ನೀರೂ ನಂದೇ ಆಗುತ್ತೆ."

"ಮಾಟಾನಾ? ಮಾಡು, ನೋಡೇಬಿಡೋಣ."

ಅವಳು ಸಿಟ್ಟಾಗಲಿಲ್ಲ. ತುಟಿ ಮಾತ್ರ ಅಲ್ಲಾಡಿತು. ಮುದ್ದೆಯನ್ನು ನಿಧಾನವಾಗಿ ಹಿಂಡಿದಳು. ಹಳದಿ ಕೀವು ನೂಲಿನಂತೆ ಇಳಿದು ಅವನ ಬೂಟಿನ ಮೇಲೆ ಸುರುಳಿ ಸುತ್ತಿತು. ಅವನು ಬೈಯುತ್ತಾ ಮನೆಗೆ ಓಡಿದ.

ಸ್ನಾನಕ್ಕೆ ನಿಂತ. ಷವರಿನಿಂದ ಬಿದ್ದ ಮೊದಲ ಹನಿ ಬೆಚ್ಚಗಿತ್ತು. ಎರಡನೆಯದು ಅಂಟಿತು. ಕಣ್ಣು ತೆರೆದರೆ ಎದೆಯ ಮೇಲೆ ಲೋಳೆ, ಲೋಳೆಯಲ್ಲಿ ನರೆಗೂದಲು. ಕಿರುಚಿದ. ಓಡಿಬಂದ ಹೆಂಡತಿ ಷವರಿಗೆ ಕೈಯೊಡ್ಡಿದಳು. "ಚೆನ್ನಾಗೇ ಇದೆಯಲ್ರೀ ನೀರು!" ಎಂದವಳೇ ಅವನ ಬೆನ್ನು ನೋಡಿ ಮೂಗು ಮುಚ್ಚಿಕೊಂಡಳು.

ಬೆನ್ನಿನ ನಡುವೆ ಅಂಗೈಯಗಲ ಚರ್ಮ ಬಾಯಿ ಬಿಟ್ಟಿತ್ತು.

ಲೋಟದ ನೀರು ಕುಡಿದ. ನಾಲಿಗೆಯ ಮೇಲೆ ಕೀವು. ಒದ್ದೆ ಬಟ್ಟೆಯಲ್ಲಿ ಒರೆಸಿದರು. ಒರೆಸಿದಲ್ಲೆಲ್ಲ ಹೊಸ ಹುಣ್ಣು. ಡಾಕ್ಟರು ಔಷಧಿಯಿಂದ ತೊಳೆದರು. ಅದರಲ್ಲೂ ನೀರಿತ್ತು. ಹುಣ್ಣು ಸೊಂಟಕ್ಕಿಳಿಯಿತು. ಮೂಳೆಯ ಬಿಳುಪು ಕಂಡಿತು.

ಅವನು ಗೋಡೆ ಹಿಡಿದು, ಕಾಲೆಳೆದುಕೊಂಡು ಕಟ್ಟಡಕ್ಕೆ ಹೋದ. ಜೇಬಿನಲ್ಲಿದ್ದ ಹಿಡಿ ಸಿಕ್ಕಿಸಿ ವಾಲ್ವ್ ತಿರುಗಿಸಿದ. ಕೊಳವೆಯಲ್ಲಿ ನೀರು ಗುಳುಗುಳು ಎಂದು ಮೇಲೇರಿತು. ಅವನೂ ಏರಿದ. ಕಿಟಕಿಯಿಲ್ಲದ ಮೆಟ್ಟಿಲು. ಕತ್ತಲು. ತನ್ನದೇ ನಾತ. ಒಂದು ಮೆಟ್ಟಿಲು. ಇನ್ನೊಂದು. ಆಮೇಲೆ ತೆವಳಿದ. ಬಾಗಿಲು ಬಡಿದ.

ಬಾಗಿಲು ತೆರೆದವನು ಅವಳ ಗಂಡ.

ಎರಡೂ ಕಾಲ ಮೇಲೆ ನಿಂತಿದ್ದ. ಆಗಷ್ಟೇ ಸ್ನಾನ ಮುಗಿಸಿದ್ದ. ಕೆಳಗೆ ಬಿದ್ದವನನ್ನು ನೋಡಿ ಮುಖ ಸಿಂಡರಿಸಿ ಒಳಗೆ ಹೋದ. ತಿರುಗಿದ ಬೆನ್ನಿನಲ್ಲಿ ಒಂದು ಕಲೆಯೂ ಇರಲಿಲ್ಲ.

"ನೀರು ಬಿಟ್ಟಿದ್ದೀನಿ ತಾಯಿ... ಮನೇನೂ ಬೇಡ. ಮಾಟ ವಾಪಸ್ ತಗೊ!"

ಹೆಂಗಸು ಹೊಲಿಗೆ ಯಂತ್ರದಿಂದ ತಲೆಯೆತ್ತಿದಳು. "ಇಷ್ಟು ವರ್ಷ ನಾನು ತೊಳೆದೆ," ಎಂದಳು, ದಣಿದ ದನಿಯಲ್ಲಿ. "ಇನ್ನು ನಿಮ್ಮೋರು ತೊಳೀಲಿ."

ಅಲ್ಲಿಂದ ಅವನನ್ನು ಹೊತ್ತು ತಂದರು. ಅಕ್ಕ ಬಂದು ಬಾಗಿಲಲ್ಲೇ ನಿಂತು ಅತ್ತು ಹೋದಳು. ಅವನ ಕಾಲುಗಳು ಮತ್ತೆ ಅಲುಗಲಿಲ್ಲ. ಹೆಂಡತಿ ಮೊದಲು ದಿನಾ ತೊಳೆದಳು, ತೊಳೆದಷ್ಟೂ ಕೊಳೆಯಿತು. ಆಮೇಲೆ ದಿನ ಬಿಟ್ಟು ದಿನ. ಈಗ ಅವಳು ಸೆರಗಿನಿಂದ ಮೂಗು ಮುಚ್ಚಿ ಇಣುಕುತ್ತಾಳೆ. ಅವನು ಬಾಯಿ ತೆರೆಯುವ ಮೊದಲೇ, "ನಾಳೆ ತೊಳೀತೀನಿ," ಎಂದು ಬಾಗಿಲೆಳೆದುಕೊಳ್ಳುತ್ತಾಳೆ.