ಬೀಗ ಹಾಕಿಕೊಂಡು ಹೋದ ಕಳ್ಳ

ಬುಧವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಬೀಗ ಮಾಡುವವನು ಏದುಸಿರು ಬಿಡುತ್ತ ಠಾಣೆಗೆ ಬಂದು ದೂರು ಕೊಟ್ಟ. ಅವನ ಕಾರ್ಖಾನೆಯಲ್ಲಿದ್ದ ಬೀಗದ ಭಾಗಗಳನ್ನು ಒತ್ತಿ ತೆಗೆಯುವ ಯಂತ್ರದ ಉಕ್ಕಿನ ಅಚ್ಚು ರಾತ್ರಿ ಕಳವಾಗಿತ್ತು.

ತಂದೆಯ ಕಾಲದಿಂದ ಹಿತ್ತಾಳೆ ಬೀಗಗಳನ್ನು ಕೈಯಲ್ಲೇ ಮಾಡಿಕೊಂಡು ಬಂದ ಮನೆ ಅದು. ಈಚೆಗೆ ಸರಕಾರದ ಸಹಾಯಧನ ಸಿಕ್ಕಿ ಯಂತ್ರ ತಂದಿದ್ದರು. ಶುಕ್ರವಾರ ಇಲಾಖೆಯ ಅಧಿಕಾರಿ ಬಂದು ಯಂತ್ರ ಓಡುವುದನ್ನು ಕಣ್ಣಾರೆ ನೋಡಿದರೆ ಮಾತ್ರ ಎರಡನೆಯ ಕಂತು. ಅಚ್ಚಿಲ್ಲದಿದ್ದರೆ ಯಂತ್ರ ಬರೀ ಕಬ್ಬಿಣ.

“ಯಾರ ಮೇಲಾದ್ರೂ ಅನುಮಾನ ಇದೆಯಾ?” ಇನ್ಸ್‌ಪೆಕ್ಟರ್ ಮೇಡಂ ಕೇಳಿದರು.

“ಮಾರ್ಕೆಟ್ಟಿನ ಕೀಲಿಕೈ ರಿಪೇರಿಯವನ ಮೇಲೆ. ಮೆಷಿನ್ ಬಂದಾಗಿಂದ ಹೊಟ್ಟೆ ಉರ್ಕೊಂಡು ಓಡಾಡ್ತಿದ್ದಾನೆ.”

ಎಫ್‌ಐಆರ್ ದಾಖಲಾಯಿತು. ಠಾಣೆಯಲ್ಲೆಲ್ಲ ‘ಗಡಿಬಿಡಿ’ ಎಂದೇ ಹೆಸರಾದ ಕಾನ್‌ಸ್ಟೇಬಲ್‌ನನ್ನು ಕರೆದುಕೊಂಡು ಮೇಡಂ ಸ್ಥಳಕ್ಕೆ ಹೋದರು. ಮನೆಯ ಹಿಂದಿನ ಉದ್ದನೆಯ ಕೋಣೆಯೇ ಕಾರ್ಖಾನೆ. ಗೋಡೆಗೆ ಸಾಲಾಗಿ ತೂಗುಹಾಕಿದ ಅರಗಳು, ನೆಲದ ಮೇಲೆ ಹೊಳೆಯುವ ಹಿತ್ತಾಳೆಯ ಪುಡಿ, ಮೂಲೆಯಲ್ಲಿ ಹಸಿರು ಬಣ್ಣದ ಹೊಸ ಯಂತ್ರ. ಅಚ್ಚನ್ನು ಬಿಗಿದಿದ್ದ ಬೋಲ್ಟುಗಳನ್ನು ಯಾರೋ ಒರೆಸಿ, ಬಟ್ಟೆಯ ಮೇಲೆ ಓರಣವಾಗಿ ಜೋಡಿಸಿಟ್ಟಿದ್ದರು. ನೆರೆಯ ಇಬ್ಬರ ಸಮಕ್ಷಮ ಪಂಚನಾಮೆ ನಡೆಯಿತು.

“ಬೆಳಿಗ್ಗೆ ನೀವು ಬಂದಾಗ ಬಾಗಿಲು ಹೇಗಿತ್ತು?”

“ಬೀಗ ಹಾಕೇ ಇತ್ತು ಮೇಡಂ.”

“ಕೀಲಿಕೈ ಎಷ್ಟಿವೆ?”

“ಒಂದೇ. ರಾತ್ರಿಯೂ ನನ್ನ ಹತ್ರಾನೇ ಇರುತ್ತೆ.”

ಬೀಗದ ಮೇಲೆ ಒಂದು ಗೀರೂ ಇರಲಿಲ್ಲ. ಗಡಿಬಿಡಿ ತಲೆ ಕೆರೆದುಕೊಂಡ. “ಕದ್ದಾದ ಮೇಲೆ ಬೀಗ ಹಾಕ್ಕೊಂಡು ಹೋಗೋ ಕಳ್ಳನ್ನ ನನ್ನ ಸರ್ವೀಸಲ್ಲೇ ನೋಡಿಲ್ಲ ಮೇಡಂ.”

ಬೀಗವನ್ನು ಜಪ್ತಿ ಮಾಡಿ ಠಾಣೆಗೆ ತಂದರು. ಕೀಲಿಕೈ ರಿಪೇರಿಯವನನ್ನು ಕರೆಸಿದರು. ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದರೂ ಅವನ ಮುಖ ಅರಳಿತ್ತು.

“ರಾತ್ರಿ ಎಲ್ಲಿದ್ದೆ?”

“ಆಸ್ಪತ್ರೆಯಲ್ಲಿ. ಹೆಣ್ಣುಮಗು ಆಯ್ತು ಮೇಡಂ.”

ಗಡಿಬಿಡಿ ಆಸ್ಪತ್ರೆಗೆ ಓಡಿ ವಿಚಾರಿಸಿಕೊಂಡು ಬಂದ. ಮಾತು ನಿಜವಾಗಿತ್ತು. ಮೇಡಂ ಬೀಗವನ್ನು ಮುಂದಿಟ್ಟು, “ಇದನ್ನ ಕೀಲಿಕೈ ಇಲ್ಲದೆ ತೆಗೀಬಹುದಾ?” ಎಂದರು. ಅವನು ತನ್ನ ತಂತಿಗಳನ್ನೆಲ್ಲ ಹಾಕಿ ತಿರುವಿದ. ತರಿಸಿಕೊಟ್ಟ ಚಹಾ ಆರಿಹೋದರೂ ಬೀಗ ಜಪ್ಪಯ್ಯ ಎಂದರೂ ತೆರೆಯಲಿಲ್ಲ.

“ಹೊಟ್ಟೆಉರಿ ಇರೋದು ನಿಜ, ಸುಳ್ಯಾಕೆ ಹೇಳ್ಲಿ? ಆದ್ರೆ ಇದು ನನ್ನ ಕೈಲಾಗೋ ಕೆಲಸ ಅಲ್ಲ. ಮಾಡಿದವರೇ ತೆಗೀಬೇಕು.”

ಮೇಡಂ ದೂರುದಾರನಿಗೆ ಫೋನ್ ಮಾಡಿದರು. “ಆ ಬೀಗ ಮಾಡಿದ್ದು ಯಾರು?”

“ನಮ್ಮ ಮನೆಯದ್ದೇ ಮೇಡಂ.”

“ಮನೆಯಲ್ಲಿ ಯಾರು?”

“ನಮ್ಮಕ್ಕ. ಮದುವೆಗೆ ಮುಂಚೆ ಅಪ್ಪನ ಪಕ್ಕ ಕೂತು ಮಾಡಿದ್ದು. ಕಳುವಾಗಿರೋ ಅಚ್ಚು ಅದೇ ಬೀಗ ನೋಡಿ ಮಾಡಿಸಿದ್ದು.”

ಅಕ್ಕನದು ಎರಡು ಬೀದಿ ಆಚೆಗೆ ಗುಂಡಿ, ದಾರ ಮಾರುವ ಪುಟ್ಟ ಅಂಗಡಿ. ಮೇಡಂ ಏನೂ ಹೇಳದೆ ಬೀಗವನ್ನು ಅವರ ಮುಂದಿಟ್ಟರು. ಅಕ್ಕ ಅದನ್ನು ಎತ್ತಿಕೊಂಡು ಸೆರಗಿನಿಂದ ಒರೆಸಿದರು. “ಅಯ್ಯೋ, ಎಷ್ಟು ದಿನ ಆಯ್ತೋ ಇದಕ್ಕೆ ಎಣ್ಣೆ ಹಾಕಿ” ಎನ್ನುತ್ತ ತಲೆಯಿಂದ ಒಂದು ಪಿನ್ನು ತೆಗೆದು ಒಳಗೆ ಹಾಕಿದರು. ಬೀಗ ಕಳಚಿಕೊಂಡಿತು. ಆಮೇಲಷ್ಟೇ ಅವರಿಗೆ ತಾವು ಮಾಡಿದ್ದೇನು ಎಂದು ಹೊಳೆಯಿತು.

“ಒಳಗೆ ಬನ್ನಿ ಮೇಡಂ,” ಎಂದರು ಮೆಲ್ಲಗೆ. “ಅಂಗಡಿ ಮುಂದೆ ಬೇಡ.”

ಅಡುಗೆಮನೆಯ ಅಟ್ಟದಲ್ಲಿ, ಮೆತ್ತನೆಯ ಬಟ್ಟೆಯೊಳಗೆ ಅಚ್ಚು ಸಿಕ್ಕಿತು.

“ಯಾಕೆ ಕದ್ದಿರಿ?”

“ಕದಿಯೋಕೆ ಹೋಗಿರಲಿಲ್ಲ, ನೋಡೋಕೆ ಹೋಗಿದ್ದೆ. ಮೆಷಿನ್ ಬಂದ ದಿನ ಬೀದಿಗೆ ಬೀದಿಯೇ ಹೋಗಿ ನೋಡ್ಕೊಂಡು ಬಂತು. ಎದುರುಮನೆಯವರು ಬಂದು ನಂಗೇ ವರ್ಣನೆ ಮಾಡಿದ್ರು. ನನ್ನ ಬೀಗ ಅದು. ಬಾ ಅಂತ ನಂಗೊಂದು ಮಾತಿಲ್ಲ.” ಅವರು ಅಚ್ಚಿನ ಅಂಚಿನ ಮೇಲೆ ಬೆರಳಾಡಿಸಿದರು. “ಅಚ್ಚು ಮುಟ್ಟಿ ನೋಡಿದೆ. ಬಿಟ್ಟು ಬರೋಕೆ ಮನಸ್ಸಾಗಲಿಲ್ಲ.”

“ವಾಪಸ್ ಬೀಗ ಯಾಕೆ ಹಾಕಿದ್ರಿ?”

“ಬಾಗಿಲು ತೆಗೆದಿಟ್ಟು ಬರೋಕಾಗುತ್ತಾ ಮೇಡಂ? ಕಳ್ಳರು ನುಗ್ಗಿದ್ರೆ?”

ಗಡಿಬಿಡಿ ಕೆಮ್ಮು ಬಂದವನಂತೆ ಗೋಡೆಯ ಕಡೆ ತಿರುಗಿಕೊಂಡ. ಮೇಡಂ ಕಷ್ಟಪಟ್ಟು ಮುಖ ಬಿಗಿಹಿಡಿದು, ಅಚ್ಚನ್ನು ಪಂಚರೆದುರು ಜಪ್ತಿ ಮಾಡಿ, ಅಕ್ಕನನ್ನು ದಸ್ತಗಿರಿ ಮಾಡಿದರು.

ಸುದ್ದಿ ತಿಳಿದ ತಮ್ಮ, ಕೈಗೆ ಮೆತ್ತಿದ ಹಿತ್ತಾಳೆ ಪುಡಿಯನ್ನೂ ತೊಳೆಯದೆ ಠಾಣೆಗೆ ಓಡಿಬಂದ.

“ಅಕ್ಕಾ, ಒಂದು ಮಾತು ಕೇಳಿದ್ರೆ ನಾನೇ ತೋರಿಸ್ತಿರಲಿಲ್ವಾ?”

“ನೀನು ಒಂದು ಮಾತು ಕರೆದಿದ್ರೆ ಕೇಳೋದೇ ಬೇಕಿರಲಿಲ್ಲ.”

“ಮನೆಯವಳನ್ನ ಯಾರಾದ್ರೂ ಕರೀತಾರಾ? ತಾನಾಗೇ ಬರ್ತಾಳೆ ಅಂತ ಸಂಜೆವರೆಗೂ ಕಾದೆ. ನೀನು ಬರಲಿಲ್ಲ ಅಂತ ನಾನೇ ಮುನಿಸ್ಕೊಂಡು ಕೂತಿದ್ದೆ!”

ಅಕ್ಕ ಅವನನ್ನೇ ನೋಡಿದರು. “ಎಂಥಾ ಪೆದ್ದನೋ ನೀನು,” ಎಂದವರ ಕಣ್ಣು ತುಂಬಿ ಬಂತು.

ದೂರು ವಾಪಸ್ ಪಡೆಯುತ್ತೇನೆಂದು ತಮ್ಮ ಗೋಗರೆದ. “ಎಫ್‌ಐಆರ್ ಆದ ಮೇಲೆ ನನ್ನ ಕೈಲಿಲ್ಲ. ರಾಜಿ ಮಾಡ್ಕೊಳ್ಳೋದನ್ನ ಕೋರ್ಟಿಗೆ ಹೇಳಿ,” ಎಂದರು ಮೇಡಂ. ದನಿ ಮಾತ್ರ ಅಷ್ಟೇನೂ ಗಡುಸಾಗಿರಲಿಲ್ಲ.

ಗುರುವಾರ ಕೋರ್ಟಿನಲ್ಲಿ ಅಕ್ಕನಿಗೆ ಜಾಮೀನು ಸಿಕ್ಕಿತು. ಮುಚ್ಚಳಿಕೆ ಬರೆಸಿಕೊಂಡು ಅಚ್ಚನ್ನು ತಮ್ಮನ ವಶಕ್ಕೆ ಕೊಟ್ಟರು. ಇಬ್ಬರೂ ಒಂದೇ ಆಟೋದಲ್ಲಿ, ದಾರಿಯುದ್ದಕ್ಕೂ ಜಗಳಾಡುತ್ತ ಮನೆಗೆ ಹೋದರು.

ಶುಕ್ರವಾರ ಸಂಜೆ ಗಡಿಬಿಡಿ ಗಸ್ತು ಮುಗಿಸಿ ಠಾಣೆಗೆ ಬಂದವನೇ ವರದಿ ಒಪ್ಪಿಸಿದ. “ಮೆಷಿನ್ ಜುಮ್ಮಂತ ಓಡ್ತು ಮೇಡಂ. ಆಫೀಸರ್ ಖುಷಿಯಾಗಿ ಎರಡನೇ ಕಂತಿಗೆ ಒಪ್ಪಿಗೆ ಕೊಟ್ರು. ಇನ್ಮೇಲೆ ಮಧ್ಯಾಹ್ನ ಆಗ್ತಿದ್ದಂಗೆ ಅಕ್ಕ ಗುಂಡಿ ಅಂಗಡಿಗೆ ಬಾಗಿಲು ಹಾಕಿ ಕಾರ್ಖಾನೆಗೆ ಬರ್ತಾರಂತೆ.”

ಅಂತಿಮ ವರದಿ ಬರೆಯುತ್ತಿದ್ದ ಠಾಣಾ ಬರಹಗಾರ ಪೆನ್ನು ಎತ್ತಿ ಕೇಳಿದ. “ಕೃತ್ಯದ ಉದ್ದೇಶ ಏನಂತ ಬರೀಲಿ ಮೇಡಂ? ದುರಾಸೆ ಅಂತ ಹಾಕ್ಲಾ?”

“ಬೇಡ,” ಎಂದರು ಮೇಡಂ. “ಆರೋಪಿಯು ತಾನು ಮಾಡಿದ ಕೆಲಸವನ್ನು ನೋಡಲು ಹೋಗಿದ್ದರು, ಅಂತ ಬರಿ.”