ಫ್ಲೆಕ್ಸಿನ ಮೂಲೆಯ ಡಾಕ್ಟರು

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಜಕ್ಕೂರಿನ ಮುನಿವೆಂಕಟಯ್ಯ ದೂರು ಕೊಡಲು ಠಾಣೆಗೆ ಬಂದರು, ಜೊತೆಗೆ ಮಗಳು, ಹಿಂದೆ ಎರಡು ಕಾರು ತುಂಬ ಜನ. ಕಳ್ಳತನದ ದೂರಿಗೂ ದಿಬ್ಬಣ ಕಟ್ಟಿಕೊಂಡು ಬರೋರು ಜಮೀನು ಮಾರಿ ಬಿಲ್ಡರ್ ಆದ ಈ ಯಜಮಾನರೇ ಸರಿ ಎಂದುಕೊಂಡ ಇನ್ಸ್‌ಪೆಕ್ಟರ್ ನಾಗಲಿಂಗಪ್ಪ, ಅಪ್ಪ ಮಗಳನ್ನು ಬಿಟ್ಟು ಉಳಿದವರನ್ನೆಲ್ಲ ಹೊರಗೆ ನಿಲ್ಲಿಸಿದ.

"ಏನ್ ಹೋಗಿದೆ?"

"ನನ್ ಮಗಳ ಭವಿಷ್ಯಾನೇ ಓಗದೆ ಸಾ."

"ಅದನ್ನ ಎಫ್‌ಐಆರ್‌ನಲ್ಲಿ ಬರೆಯೋಕಾಗಲ್ಲ. ವಸ್ತು ಹೇಳಿ."

ವಸ್ತು ಹೇಳಿದ್ದು ಮಗಳು ಧನುಶ್ರೀ. ಇಲ್ಲೇ ಓದಿದ ಡಾಕ್ಟರು. ಬ್ರಿಟನ್ನಿನ ಪರೀಕ್ಷೆ ಪಾಸು ಮಾಡಿ, ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಕೆಲಸವನ್ನೂ ಗಿಟ್ಟಿಸಿದ್ದಳು. ಶುಕ್ರವಾರ ವಿಮಾನ. ಅಲ್ಲಿಗೆ ಹೋಗಿ ಡಿಗ್ರಿಯ ಮೂಲ ಸರ್ಟಿಫಿಕೇಟು ತೋರಿಸಬೇಕು, ಇಲ್ಲದಿದ್ದರೆ ಕೆಲಸ ಇನ್ನೊಬ್ಬರ ಪಾಲು. ಇನ್ನೊಂದು ಪ್ರತಿ ಬೇಕೆಂದರೆ ವಿಶ್ವವಿದ್ಯಾಲಯ ತಿಂಗಳುಗಟ್ಟಲೆ ಅಲೆಸುತ್ತೆ. ಭಾನುವಾರ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಫೈಲಿಗೆ ಕುಂಕುಮ ಹಚ್ಚಿ ಕಲಶದ ಮುಂದೆ ಇಟ್ಟಿದ್ದರು. ಜನ ಉಂಡು ಹೋಗುವಷ್ಟರಲ್ಲಿ ಫೈಲಿಲ್ಲ.

"ಯಾರ ಮೇಲೆ ಅನುಮಾನ?"

"ನನ್ ತಮ್ಮನ ಮೇಲೆ ಸಾ. ಭಾಗ ಆದಾಗ್ನಿಂದ ಉರ್ಕೊಂತಾವ್ನೆ."

"ಪೂಜೆಗೆ ಬಂದಿದ್ನಾ?"

"ನಾವ್ ಕರ್ದೇ ಇಲ್ಲ."

"ಬರದೇ ಇರೋನು ದೇವರ ಮುಂದಿಂದ ಹೆಂಗ್ ಎತ್ಕೊಂಡು ಹೋದ ಯಜಮಾನ್ರೇ?"

ತಮ್ಮನನ್ನು ಒಳಗೆ ಹಾಕಿಸುವ ಅವಕಾಶ ತಪ್ಪಿತಲ್ಲ ಎಂಬ ಸಂಕಟ ಮುನಿವೆಂಕಟಯ್ಯನವರ ಮುಖದ ಮೇಲೇ ಇತ್ತು.

ಎಫ್‌ಐಆರ್ ದಾಖಲಿಸಿ, ಹನ್ನೊಂದಕ್ಕೆ ಹೆಡ್ ಕಾನ್‌ಸ್ಟೆಬಲ್ ನಾಸಿರ್‌ನನ್ನು ಕರೆದುಕೊಂಡು ನಾಗಲಿಂಗಪ್ಪ ಸ್ಥಳ ಪಂಚನಾಮೆಗೆ ಹೋದ. ಮನೆಯ ತಿರುವಿನಲ್ಲೇ ಫ್ಲೆಕ್ಸು ಎದ್ದು ನಿಂತಿತ್ತು: 'ಲಂಡನ್ನಿಗೆ ಹೊರಟ ಜಕ್ಕೂರಿನ ಹೆಮ್ಮೆಯ ಪುತ್ರಿ'. ಹುಡುಗಿ ಹೊರಟಿದ್ದು ಲಂಡನ್ನಿಗಲ್ಲ, ಬೇರೆ ಯಾವುದೋ ಊರಿಗೆ. ಆದರೆ ಫ್ಲೆಕ್ಸಿಗೆ ಲಂಡನ್ನೇ ಆಗಬೇಕು. ಮಗಳ ಮುಖಕ್ಕಿಂತ ಅಪ್ಪನ ಮುಖ ದೊಡ್ಡದು. ಕೆಳಗೆ ಶುಭ ಕೋರುವವರ ಎರಡು ಸಾಲು. ಕಣ್ಣು ಕೆಡಿಸಿಕೊಂಡು ಓದಿದವಳು ಒಬ್ಬಳು, ಮೀಸೆ ತಿರುವೋಕೆ ಊರೆಲ್ಲ. ಥೂ, ಇವರ ಯೋಗ್ಯತೆಗೆ ಇಷ್ಟು, ಎಂದುಕೊಂಡ.

ಪಕ್ಕದಲ್ಲಿ ನಾಸಿರ್ ತಲೆಯೆತ್ತಿ ನೋಡುತ್ತಿದ್ದ. "ಸಾರ್, ಎಲ್ರ ಕೊರಳಲ್ಲೂ ಚಿನ್ನದ ಚೈನು. ಆ ಮೂಲೆಯವನ ಕೊರಳಲ್ಲಿ ಮಾತ್ರ ಸ್ಟೆತಸ್ಕೋಪು."

ಫೋಟೊದ ಕೆಳಗೆ 'ಡಾ. ಕಾಶಿನಾಥ' ಎಂದಿತ್ತು. ನಾಗಲಿಂಗಪ್ಪ ಧನುಶ್ರೀಯನ್ನು ಕರೆಸಿದ.

"ಇವರು ಯಾರಮ್ಮ?"

"ಆರ್.ಟಿ. ನಗರದಲ್ಲಿ ಆಫೀಸಿದೆ ಸಾರ್. ಹೊರದೇಶಕ್ಕೆ ಹೋಗೋ ಡಾಕ್ಟರ್‌ಗಳಿಗೆ ದಾರಿ ಹೇಳ್ತಾರೆ. ಎರಡು ವರ್ಷದ ಹಿಂದೆ ಹೋಗಿದ್ದೆ."

"ಏನ್ ದಾರಿ ಹೇಳಿದ?"

"ಪರೀಕ್ಷೆ ಆಸೆ ಬಿಡು, ನಿನ್ ಕೈಲಾಗಲ್ಲ ಅಂದ್ರು. ಅಲ್ಲಿ ವಯಸ್ಸಾದವರನ್ನ ನೋಡ್ಕೊಳ್ಳೋ ಕೆಲಸ ಇದೆ, ಲ್ಯಾಬ್ ಇದೆ, ಬಿಲ್ಲಿಂಗ್ ಇದೆ ಅಂದ್ರು. ಅವರ ಲಿಸ್ಟಲ್ಲಿ ಡಾಕ್ಟರ್ ಕೆಲಸ ಒಂದಿರಲಿಲ್ಲ. ನಾನು ಬಿಟ್ಟು ಬಂದು ಒಬ್ಳೇ ಓದಿದೆ."

"ಮತ್ತೆ ಫ್ಲೆಕ್ಸಲ್ಲಿ ಹೆಂಗೆ ಬಂದ?"

ಉತ್ತರ ಅವಳ ಹಿಂದೆಯೇ ಬಂದಿದ್ದ ಅಪ್ಪನಿಂದ ಬಂತು. "ಅವ್ರೇ ಬಂದು ಫೋಟೊ ಕೊಟ್ರು ಸಾ. ಎಸರಿನ ಇಂದೆ 'ಡಾ.' ಮರೀಬೇಡಿ ಅಂತ ಎರಡು ಸಲ ಏಳಿದ್ರು. ಡಾಕ್ಟ್ರು ಅಲ್ವಾ, ಪೂಜೆಗೂ ಕರ್ದಿದ್ದೆ."

ನಾಸಿರ್ ವೈದ್ಯ ಮಂಡಳಿಗೆ ಫೋನು ಮಾಡಿ ವಿಚಾರಿಸಿದ. ಕಾಶಿನಾಥ ಅನ್ನೋ ಹೆಸರಲ್ಲಿ ಈ ಮನುಷ್ಯನ ನೋಂದಣಿಯೇ ಇರಲಿಲ್ಲ. ಎದುರಿನ ಅಪಾರ್ಟ್‌ಮೆಂಟಿನ ಸಿಸಿಟಿವಿ ದೃಶ್ಯ ಹಾಕಿಸಿ ನೋಡಿದರು. ಉಂಡು ಹೊರಬಂದವರ ಕೈಯಲ್ಲೆಲ್ಲ ತಾಂಬೂಲದ ಚೀಲ, ತೆಂಗಿನಕಾಯಿ ಭಾರಕ್ಕೆ ಗುಂಡಗೆ ಜೋತಾಡುತ್ತಿತ್ತು. ಕಾಶಿನಾಥನ ಚೀಲ ಮಾತ್ರ ಚಪ್ಪಟೆ, ಬಾಯಿಂದ ನೀಲಿ ಫೈಲಿನ ಮೂಲೆ ಇಣುಕುತ್ತಿತ್ತು. ಅವನ ಪಾಲಿನ ಕಾಯಿ ದೇವರ ಮನೆಯ ಬಾಗಿಲ ಹಿಂದೆ ಸಿಕ್ಕಿತು. ಕದಿಯೋಕೂ ಲಕ್ಷಣವಿಲ್ಲದ ಕಳ್ಳ.

ಸಂಜೆ ನಾಲ್ಕಕ್ಕೆ ಆರ್.ಟಿ. ನಗರ. ಆಫೀಸಿನ ಗೋಡೆ ತುಂಬ ಬೇರೆ ಬೇರೆ ದೇಶದ ಬಾವುಟ. ಕಾಶಿನಾಥನಿಗೆ ಐವತ್ತು ದಾಟಿತ್ತು, ಬಿಳಿ ಕೋಟು ಹಾಕಿಕೊಂಡೇ ಕೂತಿದ್ದ.

"ಕೋಟು ಯಾಕ್ರೀ? ಯಾವ ಪೇಷಂಟ್ ಬರ್ತಾರೆ ಇಲ್ಲಿಗೆ?"

"ಕ್ಲೈಂಟ್‌ಗಳಿಗೆ ನಂಬಿಕೆ ಬರ್ಲಿ ಅಂತ."

"ಭಾನುವಾರ ಎಲ್ಲಿದ್ರಿ?"

"ಇಲ್ಲೇ. ಯಾವ ಫೈಲೂ ನಾನು ಮುಟ್ಟಿಲ್ಲ ಸಾರ್."

"ಫೈಲು ಅಂತ ನಾನಿನ್ನೂ ಅಂದೇ ಇಲ್ವಲ್ಲ." ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡು ನೋಡಿದ್ದಾಯಿತು.

ಬೀರು ತೆಗೆಸಿದಾಗ ಫೈಲು ಅಲ್ಲೇ ಇತ್ತು. ಪಂಚರ ಸಮಕ್ಷಮ ಜಪ್ತಿ ಮಾಡಿ ಅವನನ್ನು ದಸ್ತಗಿರಿ ಮಾಡಿದರು. ಠಾಣೆಯಲ್ಲಿ ಹೆಚ್ಚು ಸತಾಯಿಸದೆ ಹೇಳಿದ. ರಷ್ಯಾದಲ್ಲಿ ಓದಿ ಬಂದಿದ್ದ. ಹೊರಗೆ ಓದಿದವರು ಇಲ್ಲಿ ಬರೆಯಬೇಕಾದ ಪರೀಕ್ಷೆ ಬರೆದು ಬರೆದು ಸೋತ. ಗಲ್ಫಿನ ಪರೀಕ್ಷೆಯಲ್ಲೂ ನಪಾಸು. ಆಮೇಲೆ ಬೋರ್ಡು ತಗುಲಿಸಿ ಬೇರೆಯವರಿಗೆ ದಾರಿ ತೋರಿಸಲು ಕೂತ. ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಬಚ್ಚಲಿಗೆ ಬಿದ್ದಂತೆ, ಎಂದು ನಾಗಲಿಂಗಪ್ಪ ಅವನೆದುರಿಗೇ ಅಂದ.

"ಅವಳು ಹೋದ್ರೆ ನಿಂಗೇನ್ ನಷ್ಟ?"

ಕಾಶಿನಾಥ ನೆಲ ನೋಡುತ್ತ ಹೇಳಿದ. "ನನ್ನತ್ರ ಬಂದೋರೆಲ್ಲ ಪರೀಕ್ಷೆ ಬಿಟ್ಟುಬಿಟ್ರು ಸಾರ್. ಪರೀಕ್ಷೆನೇ ಸರಿಯಿಲ್ಲ ಅಂತ ಎಲ್ರೂ ಒಪ್ಪಿದ್ರು. ಇವಳೊಬ್ಳು ಪಾಸಾದ್ಲು. ಹಂಗಾದ್ರೆ ನಾನು ದಡ್ಡ ಅಂತ ಆಯ್ತಲ್ಲ."

"ಆಯ್ತು," ಎಂದ ನಾಗಲಿಂಗಪ್ಪ, ಕರುಣೆಯಿಲ್ಲದೆ.

ಜಪ್ತಿಯಾದ ಮಾಲನ್ನು ಕೋರ್ಟಿನ ಅಪ್ಪಣೆಯಿಲ್ಲದೆ ಕೊಡುವಂತಿಲ್ಲ. ಮೂರು ದಿನ ನಾಸಿರ್‌ನನ್ನು ಓಡಾಡಿಸಿ ಗುರುವಾರ ಸಂಜೆ ಆದೇಶ ತರಿಸಿದ. ಧನುಶ್ರೀ ಒಬ್ಬಳೇ ಬಂದಳು. ಸರ್ಟಿಫಿಕೇಟನ್ನು ತಿರುವಿ ನೋಡಿಕೊಂಡು, ಅವರು ಯಾಕೆ ಹೀಗೆ ಮಾಡಿದರಂತೆ ಎಂದು ಕೇಳಿದಳು. ನಾಗಲಿಂಗಪ್ಪ ಅವನ ಮಾತನ್ನೇ ಹೇಳಿದ.

ಅವಳು ಸರ್ಟಿಫಿಕೇಟನ್ನು ಫೈಲಿಗೆ ಸೇರಿಸಿದಳು. "ನಾನು ಮೊದಲ ಸಲ ಫೇಲಾಗಿದ್ದೆ ಸಾರ್. ಮನೇಲೂ ಹೇಳಿರಲಿಲ್ಲ. ಅವರಿಗೆ ಹೆಂಗೋ ಗೊತ್ತಾಗಿ, ಕರೆದು ಕಾಫಿ ಕುಡಿಸಿದ್ರು. ಅವತ್ತು ಅಷ್ಟು ಪ್ರೀತಿಯಿಂದ ನನ್ನ ಹತ್ರ ಬೇರೆ ಯಾರೂ ಮಾತಾಡಿರಲಿಲ್ಲ."

"ಫೇಲಾದೋರ ಹತ್ರ ಆಡ್ದೇ ಇರ್ತಾನಾ," ಎಂದ ನಾಗಲಿಂಗಪ್ಪ, ಸಹಿ ಹಾಕುವ ಜಾಗ ತೋರಿಸಿದ.